ಸಿಟಿ ಕಾಡು ನೋಡ್ಕೊಳ್ಳೋ ವಾಲಂಟಿಯರ್ಸ್‌ಗೆ, ಹುಡುಗ್ರಿಗೆ ದುಡ್ಡು ಎಲ್ಲಿಂದ ಬರುತ್ತೆ? ಸಿಯಾಟಲ್ ಕಥೆ

"ವಾಲಂಟಿಯರ್ಸ್ ಇದಾರಲ್ಲ, ಅವ್ರು ಫ್ರೀಯಾಗಿ ಮಾಡ್ತಾರೆ, ಮತ್ತೆ ದುಡ್ಡು ಯಾಕೆ ಬೇಕು?" ಪಾರ್ಕು, ಕೆರೆ, ಕಾಡು ಅಂತ ಮಾತು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಕೇಳೋರ ತಪ್ಪೇನಿಲ್ಲ, ಯಾಕಂದ್ರೆ ಹೊರಗಡೆಯಿಂದ ನೋಡೋರಿಗೆ ಕಾಣೋದು ಶನಿವಾರ ಬೆಳಿಗ್ಗೆ ಗ್ಲೌಸ್ ಹಾಕ್ಕೊಂಡು ನಗ್ತಾ ಗಿಡ ನೆಡ್ತಿರೋ ಜನ ಅಷ್ಟೇ. ಅದರ ಹಿಂದೆ ದುಡ್ಡು ಹೇಗೆ ಓಡಾಡುತ್ತೆ ಅನ್ನೋದನ್ನ ಯಾರೂ ಕೂತು ಬಿಡಿಸಿ ಹೇಳಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಊರಿನ ಉದಾಹರಣೆ ತಗೊಂಡು ಬಿಡಿಸ್ತೀನಿ, ಯಾಕಂದ್ರೆ ಈ ಊರು 20 ವರ್ಷ ಪ್ಲಾನ್ ಹಾಕಿ ಈ ಕೆಲಸ ಮಾಡಿದೆ, ಎಲ್ಲಿ ಗೆದ್ದಿದೆ ಎಲ್ಲಿ ಸಿಕ್ಕಾಕ್ಕೊಂಡಿದೆ ಎರಡೂ ಕಣ್ಣಿಗೆ ಕಾಣುತ್ತೆ, ಜೊತೆಗೆ ರೆಡ್ಮಂಡ್, ಬೆಲ್‌ವ್ಯೂ, ಸಿಯಾಟಲ್ ಸುತ್ತ ನಮ್ಮ ಕನ್ನಡದವ್ರು ಸಾಕಷ್ಟು ಜನ ಇದಾರೆ.

ಮೊದಲು ಕಾಡಿನ ವಿಷ್ಯ. ಸಿಯಾಟಲ್ ಪಾರ್ಕ್ಸ್ ಇಲಾಖೆ ಕೈಯಲ್ಲಿ 6,400 ಎಕರೆ ಚಿಲ್ಲರೆ ಜಾಗ ಇದೆ, ಅದರಲ್ಲಿ 2,700 ಎಕರೆಯಷ್ಟು ಹುಲ್ಲುಹಾಸು, ಉಯ್ಯಾಲೆ, ಬಾಸ್ಕೆಟ್‌ಬಾಲ್ ಕೋರ್ಟ್ ಅಲ್ಲ, ನಿಜವಾದ ಕಾಡು. ಡಿಸ್ಕವರಿ ಪಾರ್ಕ್ ಒಂದೇ 534 ಎಕರೆ. ಸೀವರ್ಡ್ ಪಾರ್ಕ್ ಅಂತ ಇದೆ, ಲೇಕ್ ವಾಷಿಂಗ್ಟನ್ ಒಳಗೆ ಚಾಚಿಕೊಂಡಿರೋ ಜಾಗ, ಅಲ್ಲಿ ಕೊಡಲಿ ಬೀಳದ ಹಳೇ ಮರಗಳು ಇನ್ನೂ ನಿಂತಿವೆ. ಆದ್ರೆ ಉಳಿದ ಕಡೆ ಹೆಚ್ಚುಕಮ್ಮಿ ಎಲ್ಲಾ ಕಾಡನ್ನೂ ನೂರು ವರ್ಷಕ್ಕೂ ಹಿಂದೆನೇ ಮರಕ್ಕೋಸ್ಕರ ಕಡಿದು ಹಾಕಿಬಿಟ್ರು. ಆಮೇಲೆ ತಾನಾಗೇ ಬೆಳೆದಿದ್ದು ಆಲ್ಡರ್, ಅಗಲ ಎಲೆಯ ಮೇಪಲ್. ಇವು ಬೇಗ ಬೆಳೆಯೋ ಮರಗಳು, ಸೀಡರ್ ಫರ್ ತರ ಅಷ್ಟು ಕಾಲ ನಿಲ್ಲಲ್ಲ, ಆಲ್ಡರ್ ಅಂತೂ 60-80 ವರ್ಷಕ್ಕೆ ಮುಗೀತು. ಅಂದ್ರೆ ಆವಾಗ ಒಟ್ಟಿಗೆ ಹುಟ್ಟಿದ ಕಾಡು ಈಗ ಒಟ್ಟಿಗೆ ಮುದಿಯಾಗ್ತಿದೆ. ಕೆಳಗಡೆ ಸೀಡರ್, ಡಗ್ಲಸ್ ಫರ್, ಹೆಮ್ಲಾಕ್ ಸಸಿಗಳು ಎದ್ದು ಬರ್ತಿದ್ರೆ ಯೋಚನೆ ಇರ್ಲಿಲ್ಲ, ಆದ್ರೆ ಅವು ಏಳೋಕೆ ಬಿಡದ ಹಾಗೆ ನೆಲ ಪೂರ್ತಿ ಇಂಗ್ಲಿಷ್ ಐವಿ ಬಳ್ಳಿ ಮತ್ತೆ ಹಿಮಾಲಯನ್ ಬ್ಲ್ಯಾಕ್‌ಬೆರಿ ಅನ್ನೋ ಮುಳ್ಳುಪೊದೆ ಹಾಸಿಕೊಂಡು ಕೂತಿದೆ. ಬಂಡೀಪುರದಲ್ಲಿ ಲಂಟಾನ ನೋಡಿರೋರಿಗೆ ಇದನ್ನ ಬೇರೆ ಹೇಳಬೇಕಾಗಿಲ್ಲ.

ಈ ಐವಿ ಹೇಗಿರುತ್ತೆ ಅಂತ ಹತ್ತಿರದಿಂದ ಹೇಳ್ತೀನಿ, ಯಾಕಂದ್ರೆ ದುಡ್ಡಿನ ಲೆಕ್ಕ ಅರ್ಥ ಆಗ್ಬೇಕಂದ್ರೆ ಕೆಲಸ ಎಂಥದ್ದು ಅಂತ ಗೊತ್ತಿರ್ಬೇಕು. ನೆಲದ ಮೇಲೆ ಕಾಲು ಹೂತುಹೋಗೋ ಅಷ್ಟು ದಪ್ಪ ಚಾಪೆ ತರ ಹಬ್ಬಿರುತ್ತೆ, ಒಂದು ಬಳ್ಳಿ ಹಿಡಿದು ಎಳೆದ್ರೆ ಮಾರುಗಟ್ಟಲೆ ಬರ್ತಾನೇ ಇರುತ್ತೆ, ಗಂಟುಗಂಟಿಗೂ ಬೇರು, ಒಂದು ತುಂಡು ಮಣ್ಣಲ್ಲಿ ಉಳಿದ್ರೂ ಮತ್ತೆ ಚಿಗುರುತ್ತೆ. ಮರ ಹತ್ತಿದ ಮೇಲೇನೇ ಅದು ಹೂ ಬಿಟ್ಟು ಹಣ್ಣು ಬಿಡೋದು, ಹಕ್ಕಿ ಆ ಹಣ್ಣು ತಿಂದು ಇನ್ನೊಂದು ಕಡೆ ಬೀಜ ಉದುರಿಸುತ್ತೆ. ಅದಕ್ಕೇ ಮೊದಲು ಮಾಡೋ ಕೆಲಸ ಏನಂದ್ರೆ ಮರದ ಸುತ್ತ ಎದೆ ಮಟ್ಟದಲ್ಲಿ ಬಳ್ಳಿನೆಲ್ಲ ಕತ್ತರಿಸಿ, ಬುಡದಿಂದ ಒಂದು ಮಾರು ಜಾಗ ಕಿತ್ತು ಚೊಕ್ಕ ಮಾಡೋದು. ಮೇಲಿರೋ ಬಳ್ಳಿ ಅಲ್ಲೇ ಒಣಗುತ್ತೆ, ಎಳೆಯೋಕೆ ಹೋಗ್ಬಾರ್ದು, ಒಣಕೊಂಬೆ ತಲೆ ಮೇಲೆ ಬೀಳುತ್ತೆ. ಚೊಕ್ಕ ಮಾಡಿದ ನೆಲದ ಮೇಲೆ ಕಾಫಿ ಬೀಜ ತುಂಬ್ಕೊಂಡು ಬಂದಿದ್ದ ಹಳೇ ಗೋಣಿಚೀಲ ಹಾಸಿ ಅದರ ಮೇಲೆ ಮರದ ಚಿಪ್ಸ್ ಸುರೀತಾರೆ, ಕಳೆ ಮೇಲೇಳದೆ ಇರ್ಲಿ ಅಂತ. ಕಾಫಿ ಊರಲ್ವಾ, ಗೋಣಿಚೀಲಕ್ಕೆ ಬರ ಇಲ್ಲ. ಆ ಚಿಪ್ಸ್‌ನ ರಸ್ತೆ ಪಕ್ಕದ ರಾಶಿಯಿಂದ ಕಾಡೊಳಗೆ ಬಕೆಟ್‌ನಲ್ಲಿ ಹೊತ್ತು ತರೋದೇ ಅರ್ಧ ದಿನದ ಕೆಲಸ.

2004ರಲ್ಲಿ ಸಿಟಿ ಮತ್ತೆ ಕ್ಯಾಸ್ಕೇಡ್ ಲ್ಯಾಂಡ್ ಕನ್ಸರ್ವೆನ್ಸಿ (ಈಗ ಅದರ ಹೆಸರು ಫೋರ್‌ಟೆರ್ರಾ) ಸೇರಿ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ ಅಂತ ಶುರು ಮಾಡಿದ್ರು. 2025ರೊಳಗೆ 2,500 ಎಕರೆ ಕಾಡನ್ನ ಸರಿಮಾಡೋದು ಗುರಿ, ಆಮೇಲೆ ಅದನ್ನ ಇನ್ನೂ ಸ್ವಲ್ಪ ಜಾಸ್ತಿ ಮಾಡ್ಕೊಂಡ್ರು. ಕೆಲಸನ ನಾಲ್ಕು ಹಂತ ಮಾಡಿದಾರೆ: ಮೊದಲು ಕಳೆ ತೆಗೆಯೋದು, ಆಮೇಲೆ ಮತ್ತೊಂದು ಸುತ್ತು ಕಳೆ ತೆಗೆದು ಗಿಡ ನೆಡೋದು, ಆಮೇಲೆ ಗಿಡ ಹಿಡ್ಕೊಳ್ಳೋ ತನಕ ನೀರು ಕಳೆ ಅಂತ ನೋಡ್ಕೊಳ್ಳೋದು, ಕೊನೆಗೆ ವರ್ಷವರ್ಷ ಹೋಗಿ ನೋಡ್ತಾ ಅಗತ್ಯ ಬಿದ್ದಾಗ ಕೈ ಹಾಕೋದು. ಕೊನೇ ಹಂತಕ್ಕೆ ಮುಗಿಯೋ ತಾರೀಕು ಅಂತ ಇಲ್ಲ, ಸುತ್ತ ಮನೆಗಳ ತೋಟದಲ್ಲಿ ಐವಿ ಇರೋ ತನಕ ಹಕ್ಕಿ ಬೀಜ ತರ್ತಾನೇ ಇರುತ್ತೆ. ಈ ನಾಲ್ಕು ಹಂತ ನೆನಪಲ್ಲಿಟ್ಕೊಳ್ಳಿ, ದುಡ್ಡಿನ ತೊಡಕು ಪೂರ್ತಿ ಇಲ್ಲೇ ಇರೋದು.

ಈಗ ವಾಲಂಟಿಯರ್ ಕೆಲಸಕ್ಕೆ ಏನು ಖರ್ಚು ಅಂತ ನೋಡೋಣ. ಒಂದು ಜಾಗಕ್ಕೆ ಫಾರೆಸ್ಟ್ ಸ್ಟುವರ್ಡ್ ಅಂತ ಒಬ್ರು ಇರ್ತಾರೆ, ಅವ್ರೂ ವಾಲಂಟಿಯರೇ, ಟ್ರೈನಿಂಗ್ ತಗೊಂಡು ಆ ತುಂಡು ಕಾಡಿನ ಜವಾಬ್ದಾರಿ ಹೊತ್ತಿರ್ತಾರೆ. ಅವ್ರಿಗೆ ಟ್ರೈನಿಂಗ್ ಕೊಡೋರು ಸಂಬಳದವ್ರು. ಗುದ್ದಲಿ, ಲಾಪರ್ (ಉದ್ದ ಹಿಡಿಯ ಕೊಂಬೆ ಕತ್ತರಿ), ಗ್ಲೌಸ್, ಅದನ್ನ ಹೊತ್ತು ತರೋ ಟ್ರಕ್, ನರ್ಸರಿಯಿಂದ ಸ್ಥಳೀಯ ಜಾತಿಯ ಸಸಿ (ಸ್ವೋರ್ಡ್ ಫರ್ನ್, ಸಲಾಲ್, ಆರೆಗಾನ್ ಗ್ರೇಪ್, ಸೀಡರ್), ಇನ್ಶೂರೆನ್ಸ್, ಟಾಯ್ಲೆಟ್, ಕಿತ್ತ ಕಳೆ ಸಾಗಿಸೋದು, ಇದೆಲ್ಲ ದುಡ್ಡು. ಇನ್ನು ಕೆಲವು ಕೆಲಸ ವಾಲಂಟಿಯರ್ಸ್ ಕೈಲಿ ಮಾಡ್ಸೋ ಹಾಗೇ ಇಲ್ಲ. ಸಿಯಾಟಲ್ ಗುಡ್ಡದ ಊರು, ಕಾಡು ಉಳಿದಿರೋದೇ ಮನೆ ಕಟ್ಟೋಕಾಗದ ಕಡಿದಾದ ಇಳಿಜಾರಲ್ಲಿ, ಅಂಥ ಕಡೆ ಕಾಲು ಜಾರಿದ್ರೆ ಕಷ್ಟ, ಮಣ್ಣೂ ಕುಸಿಯುತ್ತೆ, ಅಲ್ಲಿಗೆ ಪ್ರೊಫೆಶನಲ್ ಕ್ರೂ ಬೇಕು. ಕಳೆನಾಶಕ ಹಾಕ್ಬೇಕಂದ್ರೆ ಲೈಸೆನ್ಸ್ ಇರೋರೇ ಹಾಕ್ಬೇಕು. ಅಂದ್ರೆ ವಾಲಂಟಿಯರ್ ಗಂಟೆ ಫ್ರೀ, ಆದ್ರೆ ಆ ಗಂಟೆಯಿಂದ ಕೆಲಸ ಆಗೋ ಹಾಗೆ ಮಾಡೋದು ಫ್ರೀ ಅಲ್ಲ.

ಇಲ್ಲೊಂದು ಒಳ್ಳೇ ವಿಷ್ಯ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ವಾಲಂಟಿಯರ್ ಗಂಟೆಗೂ ಡಾಲರ್ ಬೆಲೆ ಕಟ್ತಾರೆ. ಅಮೆರಿಕದಲ್ಲಿ ಇಂಡಿಪೆಂಡೆಂಟ್ ಸೆಕ್ಟರ್ ಅನ್ನೋ ಸಂಸ್ಥೆ ಪ್ರತಿವರ್ಷ ಇಡೀ ದೇಶಕ್ಕೆ ಒಂದು ಸರಾಸರಿ ರೇಟ್ ಹೇಳುತ್ತೆ, 2024ರಲ್ಲಿ ಅವ್ರು ಹೇಳಿದ್ದು ಗಂಟೆಗೆ 33.49 ಡಾಲರ್. ಇದು ಯಾಕೆ ಬೇಕು ಅಂದ್ರೆ ಎಷ್ಟೋ ಸರ್ಕಾರಿ ಗ್ರಾಂಟ್‌ಗಳು "ನಾವು ಇಷ್ಟು ಕೊಡ್ತೀವಿ, ನೀವು ಇಷ್ಟು ಹಾಕಿ" ಅಂತ ಮ್ಯಾಚ್ ಕೇಳ್ತವೆ, ಆ ನಮ್ಮ ಪಾಲನ್ನ ಕ್ಯಾಶ್ ಬದಲು ವಾಲಂಟಿಯರ್ ಗಂಟೆಯಲ್ಲೂ ತೋರಿಸೋಕೆ ಬಹಳ ಕಡೆ ಬಿಡ್ತಾರೆ (ರೇಟ್ ಒಂದೊಂದು ಗ್ರಾಂಟ್‌ಗೆ ಒಂದೊಂದು ಇರಬಹುದು). ಲೆಕ್ಕಕ್ಕೆ ಅಂತ ತಗೊಳ್ಳಿ, 20,000 ಡಾಲರ್ ಗ್ರಾಂಟ್‌ಗೆ ಅಷ್ಟೇ ಮ್ಯಾಚ್ ತೋರಿಸ್ಬೇಕು, ಮೇಲಿನ ರೇಟಲ್ಲಿ ಹತ್ತತ್ರ 600 ಗಂಟೆ. ಮೂವತ್ತು ಜನ ದಿನಕ್ಕೆ ನಾಲ್ಕು ಗಂಟೆಯಂತೆ ಐದು ಶನಿವಾರ ಬಂದ್ರೆ ಮುಗೀತು. ಆದ್ರೆ ಇದಕ್ಕೆ ರುಜುವಾತು ಬೇಕು, ಫೆಡರಲ್ ಅಂದ್ರೆ ಕೇಂದ್ರ ಸರ್ಕಾರದ ದುಡ್ಡಾದ್ರೆ ಅದೇ ಗಂಟೆನ ಎರಡು ಗ್ರಾಂಟ್‌ಗೆ ತೋರಿಸೋ ಹಾಗೂ ಇಲ್ಲ. ಅದಕ್ಕೇ ವರ್ಕ್ ಪಾರ್ಟಿಗೆ, ಅಂದ್ರೆ ವಾಲಂಟಿಯರ್ಸ್ ಸೇರಿ ಕೆಲಸ ಮಾಡೋ ದಿನಕ್ಕೆ, ಹೋದ ತಕ್ಷಣ ಒಂದು ಕ್ಲಿಪ್‌ಬೋರ್ಡ್ ಮುಂದೆ ಹಿಡಿದು ಹೆಸರು, ಬಂದ ಟೈಮು, ಹೋದ ಟೈಮು, ಸಹಿ ಕೇಳ್ತಾರೆ. ಮಕ್ಕಳ ಹೆಸರೂ ಬರೀಬೇಕು, ಮಕ್ಕಳ ಗಂಟೆನೂ ಗಂಟೆನೇ. ನಮ್ಮಲ್ಲಿ ಎಷ್ಟೋ ಜನ "ನಾವು ಸೇವೆ ಮಾಡೋಕೆ ಬಂದಿರೋದು, ಹೆಸರು ಯಾಕೆ ಬಿಡಿ" ಅಂತ ಸಂಕೋಚ ಪಟ್ಕೊಂಡು ಸಹಿ ಹಾಕದೆ ಹೋಗ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಆ ಹಾಳೆ ಮೇಲೆ ಬರೆದ ಒಂದೊಂದು ಗಂಟೆಯಿಂದ ಇನ್ನೊಂದು ಕಡೆ ನಿಜವಾದ ದುಡ್ಡು ಬಿಡುಗಡೆ ಆಗುತ್ತೆ.

ಇನ್ನೊಂದು ಕಡೆಯಿಂದಲೂ ಬರುತ್ತೆ. ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡೋರು ಅಮೆರಿಕದಲ್ಲಿ ನಾನ್-ಪ್ರಾಫಿಟ್ ಸಂಸ್ಥೆಗೆ ವಾಲಂಟಿಯರ್ ಮಾಡಿದ್ರೆ ಕಂಪನಿ ಗಂಟೆಗೆ 25 ಡಾಲರ್ ಆ ಸಂಸ್ಥೆಗೆ ಕೊಡುತ್ತೆ, ದೇಣಿಗೆಯ ಮ್ಯಾಚ್‌ನೂ ಸೇರಿಸಿ ಒಬ್ಬರಿಗೆ ವರ್ಷಕ್ಕೆ 15,000 ಡಾಲರ್ ತನಕ. ಬೇರೆ ಕೆಲವು ಕಂಪನಿಗಳಲ್ಲೂ ಇಂಥದ್ದಿದೆ, ಅವರವರ ಎಚ್‌ಆರ್ ಪೋರ್ಟಲ್‌ನಲ್ಲಿ ನೋಡ್ಕೊಳ್ಬೇಕು. ಒಬ್ಬ ಇಂಜಿನಿಯರ್ ನಾಲ್ಕು ಗಂಟೆ ಐವಿ ಕಿತ್ರೆ 100 ಡಾಲರ್ ಸಂಸ್ಥೆಗೆ ಹೋಗುತ್ತೆ, ಅದೂ ಇಂಥ ಪ್ರಾಜೆಕ್ಟಿಗೇ ಖರ್ಚು ಮಾಡು ಅಂತ ಗಂಟು ಹಾಕದ ದುಡ್ಡು. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳೋ ದುಡ್ಡು ಇದೇ, ಯಾಕೆ ಅಂತ ಮುಂದೆ ಹೇಳ್ತೀನಿ.

ದೊಡ್ಡ ದುಡ್ಡು ಮಾತ್ರ ಟ್ಯಾಕ್ಸ್‌ನಿಂದಾನೇ ಬರೋದು. ಸಿಯಾಟಲ್ ಜನ 2000ದಲ್ಲಿ ಒಂದು ಪಾರ್ಕ್ ಲೆವಿಗೆ ವೋಟ್ ಹಾಕಿದ್ರು, 2008ರಲ್ಲಿ ಇನ್ನೊಂದಕ್ಕೆ. ಲೆವಿ ಅಂದ್ರೆ ಇಷ್ಟು ವರ್ಷಕ್ಕೆ ಅಂತ ಇರೋ ಪ್ರಾಪರ್ಟಿ ಟ್ಯಾಕ್ಸ್, ಟೈಮ್ ಮುಗಿದ್ರೆ ಮತ್ತೆ ಜನರ ಮುಂದೆ ಹೋಗ್ಬೇಕು. ಇದರಿಂದ ಬೇಸತ್ತು 2014ರ ಆಗಸ್ಟ್‌ನಲ್ಲಿ ಸಿಯಾಟಲ್ ಪಾರ್ಕ್ ಡಿಸ್ಟ್ರಿಕ್ಟ್ ಅಂತ ಒಂದು ಶಾಶ್ವತ ವ್ಯವಸ್ಥೆನೇ ಮಾಡ್ಕೊಂಡ್ರು, ಅದೂ ವೋಟ್‌ನಿಂದ. ಸಿಟಿ ಕೌನ್ಸಿಲ್ ಮೆಂಬರ್‌ಗಳೇ ಅದರ ಬೋರ್ಡು. ಮನೆ ಬೆಲೆಯ ಪ್ರತಿ 1,000 ಡಾಲರ್‌ಗೆ 75 ಸೆಂಟ್ ತನಕ ವಸೂಲಿ ಮಾಡೋ ಅಧಿಕಾರ ಇದೆ, 2023ರಿಂದ ಶುರುವಾದ ಎರಡನೇ ಸುತ್ತಿಗೆ 38 ಸೆಂಟ್‌ನಷ್ಟು ಇಟ್ಕೊಂಡ್ರು. ಆ ರೇಟಿಗೆ ಹತ್ತು ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 380 ಡಾಲರ್. ಅದರಲ್ಲಿ ಕಮ್ಯುನಿಟಿ ಸೆಂಟರ್ ಛಾವಣಿ, ಈಜುಕೊಳ, ಟಾಯ್ಲೆಟ್, ಎಲ್ಲಾ ಬರ್ಬೇಕು, ಕಾಡಿಗೆ ಅದರಲ್ಲೊಂದು ತುಂಡು. ಜೊತೆಗೆ ಆರ್‌ಇಇಟಿ ಅಂತ ಇದೆ, ಊರಲ್ಲಿ ಮನೆ, ಬಿಲ್ಡಿಂಗ್ ಮಾರಾಟ ಆದಾಗ ಸಿಟಿಗೆ ಬರೋ ಅರ್ಧ ಪರ್ಸೆಂಟ್. ರಿಯಲ್ ಎಸ್ಟೇಟ್ ಜೋರಾಗಿದ್ರೆ ಜಾಸ್ತಿ, ಬಡ್ಡಿ ಏರಿ ಮಾರಾಟ ನಿಂತ್ರೆ ಇದೂ ಬಿತ್ತು. ಕಾಡಿನ ಐವಿಗೆ ಬಡ್ಡಿ ದರ ಗೊತ್ತಾಗಲ್ಲವಲ್ಲ, ಅದು ಬೆಳೀತಾನೇ ಇರುತ್ತೆ.

ಈಗ ಅಸಲಿ ತೊಡಕಿಗೆ ಬರ್ತೀನಿ. ದುಡ್ಡಲ್ಲಿ ಎರಡು ಜಾತಿ ಇದೆ, ಕ್ಯಾಪಿಟಲ್ ಮತ್ತೆ ಆಪರೇಟಿಂಗ್. ಹೊಸದು ಕಟ್ಟೋದಕ್ಕೆ, ಒಂದು ಸಲ ಮಾಡಿ ಮುಗಿಸೋದಕ್ಕೆ ಕ್ಯಾಪಿಟಲ್, ದಿನನಿತ್ಯ ನೋಡ್ಕೊಳ್ಳೋದಕ್ಕೆ ಆಪರೇಟಿಂಗ್. ಆರ್‌ಇಇಟಿ ದುಡ್ಡನ್ನ ಕಾನೂನು ಪ್ರಕಾರ ಬಹುಪಾಲು ಕ್ಯಾಪಿಟಲ್‌ಗೇ ಹಾಕ್ಬೇಕು. ಸಿಯಾಟಲ್‌ನವ್ರು ಕಾಡು ಸರಿಮಾಡೋ ಕೆಲಸನ ಕ್ಯಾಪಿಟಲ್ ಪಟ್ಟಿಯಲ್ಲೇ ಸೇರಿಸ್ಕೊಂಡಿದಾರೆ, ಜಾಣತನದ ಕೆಲಸನೇ ಅದು, ಇಲ್ಲಾಂದ್ರೆ ಇಷ್ಟು ದುಡ್ಡು ಬರ್ತಾನೇ ಇರ್ಲಿಲ್ಲ. ಆದ್ರೆ ನಾಲ್ಕನೇ ಹಂತ ನೆನಪಿದ್ಯಾ, ಮುಗಿಯದೇ ಇರೋದು, ಅದು ಯಾವ ರೀತಿ ನೋಡಿದ್ರೂ ಆಪರೇಟಿಂಗ್. ಎಕರೆ ಜಾಸ್ತಿ ಆಗ್ತಾ ಹೋದ ಹಾಗೆ ಈ ಬಾಬ್ತು ಬೆಳೀತಾ ಹೋಗುತ್ತೆ. ಗ್ರಾಂಟ್ ಕೊಡೋರದ್ದೂ ಇದೇ ಕಥೆ, ಅರ್ಜಿಯಲ್ಲಿ "ಎಷ್ಟು ಗಿಡ ನೆಡ್ತೀರಿ, ಎಷ್ಟು ಹೊಸ ಎಕರೆ" ಅಂತ ಕೇಳ್ತಾರೆ, ಒಂದು ವರ್ಷ ಎರಡು ವರ್ಷದಲ್ಲಿ ರಿಪೋರ್ಟ್ ಬೇಕು ಅವ್ರಿಗೆ. ಆರು ವರ್ಷದ ಹಿಂದೆ ನೆಟ್ಟ ಜಾಗದಲ್ಲಿ ಮತ್ತೆ ಬಂದ ಬ್ಲ್ಯಾಕ್‌ಬೆರಿ ಬುಡ ಅಗೆಯೋಕೆ ದುಡ್ಡು ಕೊಡಿ ಅಂದ್ರೆ ಯಾರಿಗೂ ಆಸಕ್ತಿ ಇಲ್ಲ. ಗದ್ದೆ ನಾಟಿಗೆ ಸಾಲ ಸಿಗುತ್ತೆ, ಕಳೆ ತೆಗೆಯೋ ಕೂಲಿಗೆ ಇಲ್ಲ ಅಂದ್ರೆ ಬೆಳೆ ಏನಾಗುತ್ತೆ ಹೇಳಿ.

ಸಿಯಾಟಲ್ ಮಳೆ ಊರು ಅಂತ ಹೆಸರು, ನಿಜ, ಆದ್ರೆ ಜುಲೈಯಿಂದ ಸೆಪ್ಟೆಂಬರ್ ತನಕ ಹೆಚ್ಚುಕಮ್ಮಿ ಒಣಗೇ ಇರುತ್ತೆ. ಅದಕ್ಕೇ ನೆಡೋದು ನವೆಂಬರಿನಿಂದ, ಮಳೆಗಾಲ ಹಿಡಿದು, ಬೇರು ಇಳೀಲಿ ಅಂತ. ಮೊದಲ ಎರಡು ಮೂರು ಬೇಸಿಗೆ ದಾಟಿದ್ರೆ ಸಸಿ ಬದುಕುತ್ತೆ. ಆ ಬೇಸಿಗೆಗಳಲ್ಲಿ ನೀರು ಹಾಕೋಕೆ ಜನ ಬೇಕು, ಗಿಡ ನೆಡೋವಾಗ ಬರೋ ಹುಮ್ಮಸ್ಸು ಆಗಸ್ಟ್ ಬಿಸಿಲಲ್ಲಿ ಕಳೆ ಕೀಳೋಕೆ ಇರಲ್ಲ, ಅದು ಮನುಷ್ಯ ಸಹಜ. ಅದಕ್ಕೇ ಸಂಬಳದ ಕ್ರೂ ಬೇಕು, ಅದಕ್ಕೇ ಗಂಟು ಹಾಕದ ದುಡ್ಡು ಬೆಲೆಬಾಳೋದು ಅಂದಿದ್ದು, ನೀರಿನ ಟ್ಯಾಂಕರ್‌ಗಾದ್ರೂ ಹಾಕಬಹುದು, ಹಳೇ ಜಾಗದ ಕಳೆಗಾದ್ರೂ ಹಾಕಬಹುದು.

ಇನ್ನು ಯುವಕರ ವಿಷ್ಯ. ಇದನ್ನ ನಾನು ಸ್ವಲ್ಪ ಒತ್ತಿ ಹೇಳ್ತೀನಿ. ಹೈಸ್ಕೂಲ್ ಹುಡುಗ್ರು ಫ್ರೀಯಾಗಿ ಬಂದು ಮಾಡ್ಲಿ, ಸರ್ಟಿಫಿಕೇಟ್ ಕೊಡೋಣ, ಕಾಲೇಜ್ ಅಪ್ಲಿಕೇಶನ್‌ಗೆ ಅನುಕೂಲ ಆಗುತ್ತೆ ಅನ್ನೋದು ನಮ್ಮಂಥ ಮನೆಗಳಿಗೆ ಸರಿಹೋಗುತ್ತೆ, ಅಪ್ಪ ಅಮ್ಮ ಕಾರಲ್ಲಿ ಬಿಟ್ಟು ಬರ್ತಾರೆ. ಶನಿವಾರ ಕೆಲಸಕ್ಕೆ ಹೋಗಿ ಮನೆಗೆ ದುಡ್ಡು ಕೊಡೋ ಹುಡುಗ, ತಮ್ಮ ತಂಗೀನ ನೋಡ್ಕೊಳ್ಳೋ ಹುಡುಗಿ ಬರೋಕಾಗಲ್ಲ. ಫ್ರೀ ಅಂತ ಇಟ್ರೆ ಬಡವರ ಮಕ್ಕಳು ತಾವಾಗೇ ಹೊರಗೆ ಉಳೀತಾರೆ, ಆಮೇಲೆ ಪಾರ್ಕ್ ಕೆಲಸಕ್ಕೆ, ಪರಿಸರದ ಕೆಲಸಕ್ಕೆ ಬರೋರೆಲ್ಲ ಒಂದೇ ತರದ ಮನೆಯವ್ರು ಆಗ್ತಾರೆ. ದಕ್ಷಿಣ ಸಿಯಾಟಲ್‌ನ ದುವಾಮಿಶ್ ನದಿ ಪಕ್ಕದ ಸೌತ್ ಪಾರ್ಕ್, ಜಾರ್ಜ್‌ಟೌನ್ ಅನ್ನೋ ಕಡೆ ಫ್ಯಾಕ್ಟರಿ, ಹೈವೇ, ಏರ್‌ಪೋರ್ಟ್ ಎಲ್ಲ ಸುತ್ಕೊಂಡಿದೆ, ನದಿನ 2001ರಲ್ಲಿ ಫೆಡರಲ್ ಸರ್ಕಾರ ಸೂಪರ್‌ಫಂಡ್ ಅಂದ್ರೆ ಅತಿ ಮಲಿನ ಜಾಗಗಳ ಪಟ್ಟಿಗೆ ಸೇರಿಸ್ತು, 2013ರ ಒಂದು ಆರೋಗ್ಯ ಅಧ್ಯಯನದಲ್ಲಿ ಅಲ್ಲಿಯ ಜನರ ಸರಾಸರಿ ಆಯಸ್ಸು ಊರಿನ ಉತ್ತರದ ಶ್ರೀಮಂತ ಬಡಾವಣೆಗಿಂತ 13 ವರ್ಷದ ತನಕ ಕಮ್ಮಿ ಅಂತ ಬಂತು. ಮರ ಎಲ್ಲಕ್ಕಿಂತ ಬೇಕಾಗಿರೋದು ಅಲ್ಲೇ. ಅಲ್ಲಿ ದುವಾಮಿಶ್ ವ್ಯಾಲಿ ಯೂತ್ ಕೋರ್ ಅಂತ ಇದೆ, ಅಲ್ಲಿಯ ಹದಿಹರೆಯದ ಮಕ್ಕಳಿಗೆ ಸ್ಟೈಪೆಂಡ್ ಕೊಟ್ಟು ಅವರದೇ ಬೀದಿಯಲ್ಲಿ ಮರ ನೆಡೋದು, ಗಾಳಿ ನೀರಿನ ಬಗ್ಗೆ ಕಲಿಯೋದು ಮಾಡಿಸ್ತಾರೆ. ಪಾರ್ಕ್ಸ್ ಇಲಾಖೆಯ ಯೂತ್ ಗ್ರೀನ್ ಕೋರ್ ಕೂಡ ಹೀಗೇ, ದುಡ್ಡು ಕೊಟ್ಟು ಕಾಡಿನ ಕೆಲಸ ಕಲಿಸೋದು.

ಎಷ್ಟು ಖರ್ಚು? ಸಿಯಾಟಲ್‌ನಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 20.76 ಡಾಲರ್. ಹತ್ತು ಹುಡುಗ್ರು ಐದು ಗಂಟೆ ಕೆಲಸ ಮಾಡಿದ್ರೆ ಒಂದು ದಿನಕ್ಕೆ 1,038 ಡಾಲರ್ ಕೂಲಿನೇ ಆಯ್ತು, ಅದರ ಮೇಲೆ ಪೇರೋಲ್ ಟ್ಯಾಕ್ಸು, ಮೇಲ್ವಿಚಾರಕರು, ವ್ಯಾನು, ಮಳೆಕೋಟು, ಬೂಟು, ಊಟ. 18 ತುಂಬದವ್ರಿಗೆ ಚೈನ್ ಸಾ ಕೊಡೋ ಹಾಗಿಲ್ಲ, ಸ್ಕೂಲ್ ಇರೋ ವಾರಗಳಲ್ಲಿ ಗಂಟೆಗೂ ಮಿತಿ ಇದೆ. ಬರೀ ಎಕರೆ ಲೆಕ್ಕ ನೋಡೋರಿಗೆ ಇದು ದುಬಾರಿ ಅನ್ಸುತ್ತೆ, ಗುತ್ತಿಗೆ ಕ್ರೂ ಬೇಗ ಮುಗಿಸ್ತಾರೆ. ಆದ್ರೆ ನಾಲ್ಕನೇ ಹಂತ ಮುಗಿಯದೇ ಇರೋ ಕೆಲಸ ಅಂದ್ಮೇಲೆ ಅದನ್ನ ಮಾಡೋ ಜನ ಇನ್ನು ಮೂವತ್ತು ವರ್ಷಕ್ಕೂ ಬೇಕು, ಆ ಜನ ಎಲ್ಲಿಂದ ಬರ್ತಾರೆ? ಇವತ್ತಿನ 16 ವರ್ಷದ ಹುಡುಗ್ರಿಂದಾನೇ. ಹಾಗಾಗಿ ಹುಡುಗ್ರಿಗೆ ಕೊಡೋ ಕೂಲಿನ ಸಮಾಜಸೇವೆ ಬಾಬ್ತಿಗೆ ಹಾಕದೆ ಕಾಡಿನ ಖರ್ಚಲ್ಲೇ ಸೇರಿಸ್ಬೇಕು ಅಂತ ನನ್ನ ವಾದ. ಒಂದು ಖರ್ಚು ಮಾತ್ರ ಸರ್ಕಾರನೇ ಇಳಿಸಿದೆ, 2022ರ ಸೆಪ್ಟೆಂಬರಿನಿಂದ ವಾಷಿಂಗ್ಟನ್ ರಾಜ್ಯದಲ್ಲಿ 18 ವರ್ಷದ ತನಕ ಬಸ್, ಲೈಟ್ ರೈಲ್ ಫ್ರೀ. ಸಣ್ಣದು ಅನ್ಸಬಹುದು, ಆದ್ರೆ ಊರಿನ ಆ ತುದಿಯಿಂದ ಈ ತುದಿಗೆ ಎರಡು ಬಸ್ ಹಿಡಿದು ಬರೋ ಹುಡುಗ್ರಿಗೆ ಅದು ದೊಡ್ಡ ವಿಷ್ಯ.

ಹೈಸ್ಕೂಲ್ ಮುಗಿದವ್ರಿಗೆ ಅರ್ತ್‌ಕೋರ್ ತರದ ಸಂಸ್ಥೆ ಇದೆ, 1993ರಿಂದ ಇದೆ, ಮ್ಯಾಗ್ನುಸನ್ ಪಾರ್ಕಲ್ಲಿ ಆಫೀಸು, ಯುವಕರ ತಂಡ ಕಟ್ಟಿ ಕಾಡು, ತೊರೆ, ಇಳಿಜಾರು ಕೆಲಸ ಮಾಡಿಸ್ತಾರೆ. ಇಂಥ ತಂಡಗಳಿಗೆ ಅಮೆರಿಕೋರ್ ಅನ್ನೋ ಫೆಡರಲ್ ಕಾರ್ಯಕ್ರಮದಿಂದ ದುಡ್ಡು ಬರೋದು, ಸೇರಿದವ್ರಿಗೆ ಜೀವನಕ್ಕೆ ಅಂತ ಒಂದಿಷ್ಟು ಭತ್ಯೆ, ಪೂರ್ತಿ ವರ್ಷ ಮುಗಿಸಿದ್ರೆ ಓದೋಕೆ 7,395 ಡಾಲರ್ (2024-25ರ ಲೆಕ್ಕ). 2025ರ ಏಪ್ರಿಲ್‌ನಲ್ಲಿ ಫೆಡರಲ್ ಸರ್ಕಾರ ಒಂದೇ ಏಟಿಗೆ ದೇಶಾದ್ಯಂತ 400 ಮಿಲಿಯನ್ ಡಾಲರ್‌ನಷ್ಟು ಅಮೆರಿಕೋರ್ ಗ್ರಾಂಟ್ ರದ್ದು ಮಾಡ್ತು. ವಾಷಿಂಗ್ಟನ್ ಸೇರಿ ಎಷ್ಟೋ ರಾಜ್ಯಗಳು ಕೋರ್ಟಿಗೆ ಹೋದ್ವು, ಜೂನ್‌ನಲ್ಲಿ ಆ ರಾಜ್ಯಗಳಿಗೆ ದುಡ್ಡು ವಾಪಸ್ ಕೊಡಿ ಅಂತ ಜಡ್ಜ್ ಆದೇಶ ಮಾಡಿದ್ರು. 2022ರ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್‌ನಲ್ಲಿ ಊರಿನ ಮರಗಳಿಗೆ ಅಂತ 1.5 ಬಿಲಿಯನ್ ಡಾಲರ್ ಇಟ್ಟಿದ್ರು, ಅದರಲ್ಲೂ 2025ರ ಶುರುವಲ್ಲಿ ಕೆಲವು ನಿಂತವು, ಆರ್ಬರ್ ಡೇ ಫೌಂಡೇಶನ್‌ಗೆ ಕೊಟ್ಟಿದ್ದ 75 ಮಿಲಿಯನ್‌ನ ಕರಾರೇ ರದ್ದಾಯ್ತು. ಕೋರ್ಟಲ್ಲಿ ಗೆದ್ರೂ ಏಪ್ರಿಲ್‌ನಲ್ಲಿ ಮನೆಗೆ ಕಳಿಸಿದ ತಂಡ ಜೂನ್‌ನಲ್ಲಿ ಹಾಗೇ ವಾಪಸ್ ಬರಲ್ಲ, ಬಾಡಿಗೆ ಕಟ್ಬೇಕಲ್ಲ, ಬೇರೆ ಕೆಲಸ ಹಿಡಿದಿರ್ತಾರೆ. ಹತ್ತು ಕಡೆಯಿಂದ ಚಿಲ್ಲರೆ ದುಡ್ಡು ಸೇರಿಸಿ ನಡೆಸೋ ಕಾರ್ಯಕ್ರಮದಲ್ಲಿ ಒಂದು ಕಡೆ ನಿಂತ್ರೂ ಮೊದಲು ಹೋಗೋದು ಹುಡುಗ್ರ ಕೆಲಸನೇ.

ಬೆಂಗಳೂರಲ್ಲೂ ಇದೇ ಗಂಟು ಬೇರೆ ವೇಷದಲ್ಲಿದೆ. ಪುಟ್ಟೇನಹಳ್ಳಿ ಕೆರೆಗೆ ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡ್ಕೊಂಡು 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡ್ಕೊಂಡು ನೋಡ್ಕೊಳ್ಳೋಕೆ ಶುರು ಮಾಡಿದ್ರು, ಆಮೇಲೆ ಬೇರೆ ಕೆರೆಗಳಿಗೂ ಇಂಥ ಗುಂಪುಗಳು ಹುಟ್ಟಿದ್ವು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2 ಪರ್ಸೆಂಟ್ ಸಿಎಸ್‌ಆರ್‌ಗೆ ಅಂದ್ರೆ ಸಮಾಜದ ಕೆಲಸಕ್ಕೆ ಇಡ್ಬೇಕು, ಅದರಲ್ಲಿ ಪರಿಸರನೂ ಬರುತ್ತೆ. ಆದ್ರೆ ಅಲ್ಲೂ ಬೇಲಿ, ವಾಕಿಂಗ್ ಪಾತ್, ಬೋರ್ಡು ಅಂದ್ರೆ ಮುಂದೆ ಬರೋರು ಕಾವಲುಗಾರನ ತಿಂಗಳ ಸಂಬಳ, ಜೊಂಡು ತೆಗೆಯೋ ಕೂಲಿ ಅಂದ್ರೆ ಹಿಂದೆ ಸರೀತಾರೆ.

ಸಿಯಾಟಲ್ ಪಾರ್ಕ್ ಡಿಸ್ಟ್ರಿಕ್ಟ್‌ನ ಈಗಿನ ಸುತ್ತು 2028ಕ್ಕೆ ಮುಗಿಯುತ್ತೆ. ಮುಂದಿನ ಆರು ವರ್ಷಕ್ಕೆ ರೇಟ್ ಎಷ್ಟು, ಕಾಡಿಗೆ ಎಷ್ಟು, ಅದರಲ್ಲಿ ಹಳೇ ಜಾಗಗಳ ನಿಗಾಕ್ಕೆ ಎಷ್ಟು, ಯುವಕರ ಕೂಲಿಗೆ ಎಷ್ಟು ಅಂತ ಬೋರ್ಡು ಅಂದ್ರೆ ಕೌನ್ಸಿಲ್ ತೀರ್ಮಾನ ಮಾಡುತ್ತೆ, ಅದಕ್ಕೂ ಮುಂಚೆ ಜನರ ಅಭಿಪ್ರಾಯ ಕೇಳ್ತಾರೆ, ಮಾತಾಡೋಕೆ ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ, ಎಚ್1ಬಿ ವೀಸಾ ಮೇಲೆ ಇರೋರೂ ಇಮೇಲ್ ಬರೀಬಹುದು, ಊರಲ್ಲಿ ಬಾಡಿಗೆಗಿದ್ರೂ ಮನೆ ಓನರ್ ಕಟ್ಟೋ ಆ ಟ್ಯಾಕ್ಸ್ ಬಾಡಿಗೆಯಲ್ಲಿ ಸೇರೇ ಇರುತ್ತೆ. ಬರೆಯೋವಾಗ "ಪಾರ್ಕ್ ಉಳಿಸಿ" ಅಂತ ಒಂದು ಸಾಲು ಹಾಕೋ ಬದಲು, ನಾಲ್ಕನೇ ಹಂತಕ್ಕೆ ಆಪರೇಟಿಂಗ್ ದುಡ್ಡು ಬೇರೆ ಇಡಿ, ಯೂತ್ ಕ್ರೂಗೆ ಒಂದೊಂದು ವರ್ಷದ ಬದಲು ಮೂರು ನಾಲ್ಕು ವರ್ಷದ ಕರಾರು ಮಾಡಿ ಅಂತ ಬಿಡಿಸಿ ಕೇಳಿ. ಇನ್ನು ಕೈಕೆಸರು ಮಾಡ್ಕೊಳ್ಳೋಕೆ ಇಷ್ಟ ಇರೋರು ನವೆಂಬರ್ ಮೊದಲ ಶನಿವಾರ ಊರಿಡೀ ಸೇರಿ ಗಿಡ ನೆಡೋ ಗ್ರೀನ್ ಸಿಯಾಟಲ್ ಡೇಗೆ ಖಂಡಿತ ಹೋಗಿ, ಜೊತೆಗೆ ಜುಲೈ, ಆಗಸ್ಟ್‌ನಲ್ಲೂ ಒಂದು ಶನಿವಾರ ಎತ್ತಿಡಿ, ಸೈನ್-ಇನ್ ಹಾಳೆಯಲ್ಲಿ ಎಲ್ಲರ ಹೆಸರೂ ಬರೀರಿ, ಆ ಸೋಮವಾರನೇ ಕಂಪನಿ ಪೋರ್ಟಲ್‌ಗೆ ಗಂಟೆ ಹಾಕಿ, ಬಹಳ ಕಡೆ ಅದಕ್ಕೆ ಕೊನೇ ತಾರೀಕು ಇರುತ್ತೆ.